ಗಾಡಿ ನಿಂತ ದಿನ ಯಾವ ಒಲೆ? ಇಂಡಕ್ಷನ್, ಬ್ಯೂಟೇನ್ ಡಬ್ಬಿ, 5 ಕೆಜಿ ಸಿಲಿಂಡರ್

ದೂರದ ಪಯಣದ ನಡುವೆ ಒಂದು ದಿನ ಕ್ಯಾಂಪರ್ ವ್ಯಾನನ್ನು ಕೆಆರ್‌ಎಸ್ ಹಿನ್ನೀರಿನ ಸೀಮೆಯಲ್ಲೋ ಮೇಲುಕೋಟೆ ಕಡೆಯೋ ನಿಲ್ಲಿಸಿದರೆ ಇಬ್ಬರಿಗೆ ಬೇಕಾದದ್ದು ಎರಡು ಸಲ ಟೀ, ಮಧ್ಯಾಹ್ನಕ್ಕೆ ಮುದ್ದೆ, ಉಪ್ಸಾರು, ರಾತ್ರಿಗೆ ಅನ್ನ. ಇದೇ ಅಡುಗೆಯನ್ನು ಮೂರು ಒಲೆಗಳಲ್ಲೂ ಮಾಡಿ ನೋಡಿದ ಹೋಲಿಕೆ ಇದು.

ಇಂಡಕ್ಷನ್ನಿಗೆ ಹೊಗೆಯಿಲ್ಲ, ಉರಿಯಿಲ್ಲ, ಫ್ಯಾನಿನ ಸದ್ದಷ್ಟೇ. ಒಂದು ಲೀಟರ್ ನೀರು ಕುದಿಯಲು ಬ್ಯಾಟರಿಯಿಂದ ಸುಮಾರು 120 ವ್ಯಾಟ್-ಅವರ್ (ಇಂಥ ಸಾವಿರ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್) ಹೋಗುತ್ತದೆ, ದಿನದ ಅಡುಗೆಗೆ 600ರಿಂದ 700. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 1280 ಇರುವುದರಿಂದ ಸಾಕಾಗುತ್ತದೆ. ಆಸಿಡ್ ಬ್ಯಾಟರಿ ಇದ್ದವರು ಇದರ ಆಸೆ ಬಿಡುವುದೇ ಮೇಲು. ಒಲೆ 1200 ವ್ಯಾಟ್ ಎಳೆದಾಗ 12 ವೋಲ್ಟ್ ಕಡೆ, ಅಂದರೆ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ವೈರಿನಲ್ಲಿ, 110 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯುತ್ತದೆ. ಆಗ ವೋಲ್ಟೇಜ್ ಕುಸಿದು, ಚಾರ್ಜ್ ಉಳಿದಿದ್ದರೂ ಇನ್ವರ್ಟರ್ ಕೂಗಿಕೊಂಡು ನಿಂತುಬಿಡುತ್ತದೆ. ಉರಿ ಕಡಿಮೆಯಿಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಎಷ್ಟೋ ಒಲೆಗಳು ಸಣ್ಣ ಉರಿಯಲ್ಲಿ ಜೋರಾಗಿ ಉರಿದು, ನಿಂತು, ಮತ್ತೆ ಉರಿಯುತ್ತವೆ. ಲಿಥಿಯಂ ಇದ್ದರೂ ಈ ವೈರು 35 ಚದರ ಮಿಮೀ ದಪ್ಪ, ಆದಷ್ಟು ಗಿಡ್ಡ, ಬ್ಯಾಟರಿಯ ಪಕ್ಕದಲ್ಲೇ 150 ಆಂಪಿಯರ್ ಫ್ಯೂಸ್ ಇರಲೇಬೇಕು.

ಇನ್ನೊಂದು ತೊಡಕು ನೆರಳಿನದು. ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ಮಲಗಲು ಸುಖ, ಆದರೆ ಮೇಲಿನ ಸೋಲಾರ್ ಫಲಕಕ್ಕೆ ಏನೂ ಸಿಗದು. ಬಿಸಿಲಿಗೆ ಎಳೆದಿಡಲು 200 ವ್ಯಾಟಿನ ಮಡಿಸುವ ಫಲಕ, 10 ಮೀಟರ್ ವೈರು ಬೇಕು. ಮೋಡವಿಲ್ಲದ ದಿನ 800 ವ್ಯಾಟ್-ಅವರ್ ಆಸುಪಾಸು ಬರುತ್ತದೆ.

ಮುದ್ದೆಗೆ ಮಾತ್ರ ಇಂಡಕ್ಷನ್ ಬೇಡ. ಹಿಟ್ಟು ತಿರುವುವಾಗ ಪಾತ್ರೆ ಜರುಗುತ್ತದೆ, ಒಲೆ ನಿಲ್ಲುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಅದು ಗುರುತಿಸುವುದೇ ಇಲ್ಲ.

220 ಗ್ರಾಂ ಬ್ಯೂಟೇನ್ ಗ್ಯಾಸ್ ತುಂಬಿದ ಡಬ್ಬಿಯ ಒಲೆ ಹಗುರ. ಗಾಳಿಯಿಲ್ಲದಿದ್ದರೆ ಲೀಟರ್ ನೀರಿಗೆ 15 ಗ್ರಾಂ ಸಾಕು, ದಿನಕ್ಕೆ ಅರ್ಧ ಡಬ್ಬಿ. ಹಿನ್ನೀರಿನ ಬಯಲುಗಾಳಿಗೆ ಸಿಕ್ಕರೆ ಅಷ್ಟರಲ್ಲಿ ಅಡುಗೆ ಮುಗಿಯದು. ಹಾಗೆಂದು ಸುತ್ತ ತಗಡು ಮುಚ್ಚಬಾರದು. ಡಬ್ಬಿಯ ಮೇಲೆ ಚಾಚುವ ದೊಡ್ಡ ಹೆಂಚೂ ಅಷ್ಟೇ ಅಪಾಯ, ಬಿಸಿಗೆ ಒಳಗಿನ ಒತ್ತಡ ಏರುತ್ತದೆ. ಗಾಡಿಯನ್ನೇ ಗಾಳಿಗೆ ಅಡ್ಡ ನಿಲ್ಲಿಸಿ.

5 ಕೆಜಿ ಸಿಲಿಂಡರ್ ಭಾರ, ಜಾಗ ತಿನ್ನುತ್ತದೆ. ಆದರೂ ಮುದ್ದೆ ಉಣ್ಣುವವರಿಗೆ ನಮ್ಮ ಆಯ್ಕೆ ಇದೇ. ಎರಡು ಲೋಟ ಎಸರು ಮರಳಿಸಿ, ಒಂದು ಲೋಟ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಬೇಯಿಸಿ, ಪಾತ್ರೆಯನ್ನು ನೆಲಕ್ಕಿಳಿಸಿ ಕವೆಗೋಲು ಕೊಟ್ಟು ತಿರುವಿದರೆ ಗಂಟಾಗದು. ಸಿಲಿಂಡರ್ ನೆಟ್ಟಗೆ ನಿಲ್ಲುವಂತೆ ಬೆಲ್ಟಿನಲ್ಲಿ ಬಿಗಿಯಿರಿ, ಗಾಡಿ ಹೊರಡುವ ಮುನ್ನ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿ. ಈ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಕಿಟಕಿ ತೆರೆದಿದ್ದರೆ ಸಾಲದು, ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆಯುವ ತೂತು ಇರಬೇಕು.