ಮಗಳ ಹಲ್ಲುನೋವು: ಲವಂಗದ ಎಣ್ಣೆ, ಉಪ್ಪುನೀರು, ಐಸ್, ಸಿರಪ್ – ಯಾವುದು ಕೈಹಿಡಿಯಿತು?

ಶನಿವಾರ ರಾತ್ರಿ ಮಲಗಿ ಅರ್ಧ ಗಂಟೆಯಾಗಿರಲಿಲ್ಲ, ಮಗಳು ಕೆನ್ನೆ ಹಿಡಿದುಕೊಂಡು ಅಳುತ್ತಾ ಎದ್ದಳು. 7 ವರ್ಷ, 20 ಕೆಜಿ. ಕೆಳಗಿನ ದವಡೆ ಹಲ್ಲು ಹುಳುಕಾಗಿತ್ತು. ಡೆಂಟಿಸ್ಟ್ ಸಿಗುವುದು ಸೋಮವಾರವೇ.

ಅತ್ತೆ ಮೊದಲು ಹೇಳಿದ್ದು ಲವಂಗದ ಎಣ್ಣೆ. "ಹತ್ತೀಲಿ ಒಂದು ಹನಿ ಅದ್ದಿ ಇಡಮ್ಮ, ನೋವು ಎಳೀತದೆ." ದೊಡ್ಡವರಿಗೆ ಅದು ನಿಜ, ಲವಂಗದಲ್ಲಿರುವ ಯುಜೆನಾಲ್ ಜಾಗವನ್ನು ಮರಗಟ್ಟಿಸುತ್ತದೆ, ನನಗೇ ಒಮ್ಮೆ ಉಪಯೋಗವಾಗಿದೆ. ಆದರೆ ಮಗು ಹತ್ತಿಯನ್ನು ಹಲ್ಲಲ್ಲಿ ಇಟ್ಟುಕೊಳ್ಳಬೇಕಲ್ವಾ? ಅದು ಜಾರಿ ನಾಲಿಗೆಗೆ ಬಂತು, ವಸಡು ಕೆಂಪಾಯಿತು, ಉರಿ ಅಂತ ಅಳು ಇನ್ನೂ ಜಾಸ್ತಿಯಾಯಿತು. ಈ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಲಿವರ್‌ಗೂ ಅಪಾಯ. ನಾನು ಇನ್ನು ಮಗುವಿಗೆ ಹಾಕುವುದಿಲ್ಲ.

ಉಪ್ಪುನೀರು ಸೌಮ್ಯ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಮುಕ್ಕಳಿಸಿ ಉಗುಳಲು ಬರುವ ಮಕ್ಕಳಿಗೆ ಮಾತ್ರ. ಬಾಯಿ ಹಗುರವಾಯಿತು, ನೋವು ಹೋಗಲಿಲ್ಲ. ಆಮೇಲೆ ಟಾರ್ಚ್ ಹಾಕಿ ನೋಡಿದರೆ ಎರಡು ಹಲ್ಲಿನ ಸಂದಿಯಲ್ಲಿ ಸಂಜೆ ತಿಂದ ಸೀಬೆಹಣ್ಣಿನ ಬೀಜ! ಫ್ಲಾಸ್ ದಾರದಿಂದ ಮೆಲ್ಲಗೆ ತೆಗೆದ ಮೇಲೆ "ಸ್ವಲ್ಪ ಕಮ್ಮಿ ಆಯ್ತಮ್ಮ" ಅಂದಳು. ಇದನ್ನೇ ಮೊದಲು ಮಾಡಬೇಕಿತ್ತು.

ಐಸನ್ನು ಟವೆಲ್‌ನಲ್ಲಿ ಸುತ್ತಿ ಕೆನ್ನೆಯ ಹೊರಗಿನಿಂದ 10 ನಿಮಿಷ ಹಿಡಿದೆ. ಹಿಡಿದಷ್ಟು ಹೊತ್ತು ಹಾಯೆನಿಸಿತು, ತೆಗೆದ ಮೇಲೆ ಮತ್ತೆ ಶುರು. ಬಿಸಿ ಶಾಖ ಕೊಡಲಿಲ್ಲ, ಒಳಗೆ ಕೀವು ಇದ್ದರೆ ಬಾವು ಹೆಚ್ಚಬಹುದು.

ನಿದ್ದೆ ಬರಿಸಿದ್ದು ಪ್ಯಾರಸಿಟಮಾಲ್ ಸಿರಪ್. ಇಲ್ಲಿ ವಯಸ್ಸಿಗಿಂತ ತೂಕ ನೋಡಿ: ಒಂದು ಕೆಜಿಗೆ 10ರಿಂದ 15 ಮಿಲಿಗ್ರಾಂ, ಅಂದರೆ ನಮ್ಮವಳಿಗೆ 200ರಿಂದ 300. ನಮ್ಮ ಬಾಟಲಿಯಲ್ಲಿ 5 ಎಂಎಲ್‌ಗೆ 250 ಇತ್ತು, ಹಾಗಾಗಿ 5 ಎಂಎಲ್ ಸಾಕಾಯಿತು. ಆದರೆ 5 ಎಂಎಲ್‌ಗೆ 120 ಇರುವ ಬಾಟಲಿಯೂ ಅಂಗಡಿಯಲ್ಲಿ ಸಿಗುತ್ತದೆ, ಆದ್ದರಿಂದ ಲೇಬಲ್ ಓದದೆ, ಹೋದ ಸಲ ಇಷ್ಟೇ ಕೊಟ್ಟಿದ್ದೆ ಅಂತ ಅಡುಗೆ ಮನೆ ಚಮಚದಲ್ಲಿ ಸುಮ್ನೆ ಅಂದಾಜಿಗೆ ಸುರಿಯಬೇಡಿ, ಜೊತೆಗೆ ಬಂದಿರುವ ಅಳತೆ ಮುಚ್ಚಳದಲ್ಲೇ ಅಳೆಯಿರಿ. ಮತ್ತೆ ಕೊಡಲು 4ರಿಂದ 6 ಗಂಟೆ ಅಂತರ ಬೇಕು, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ. ನೆಗಡಿ ಸಿರಪ್ ಕೊಡುತ್ತಿದ್ದರೆ ಅದರಲ್ಲೂ ಪ್ಯಾರಸಿಟಮಾಲ್ ಇದೆಯಾ ನೋಡಿ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಬೇಡವೇ ಬೇಡ.

ಎರಡು ದಿಂಬು ಇಟ್ಟು ತಲೆ ಎತ್ತರಿಸಿದೆ, ಚಪ್ಪಟೆ ಮಲಗಿದರೆ ಮಿಡಿತ ಹೆಚ್ಚುತ್ತದೆ. ಮುಕ್ಕಾಲು ಗಂಟೆಯಲ್ಲಿ ಮಲಗಿದಳು. ರಾತ್ರಿ ಎರಡು ಸಲ ಕೆನ್ನೆ ಮುಟ್ಟಿ ನೋಡಿದೆ. ಮುಖ ಊದಿದ್ದರೆ, ಜ್ವರ ಬಂದಿದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಸೋಮವಾರದವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡುತ್ತಿದ್ದೆ.

ಭಾನುವಾರ ನೋವಿರಲಿಲ್ಲ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ, ಡೆಂಟಿಸ್ಟ್ ಯಾಕೆ ಅಂದರು ನಮ್ಮವರು. ಆದರೆ ಹಿಂದಿನ ದವಡೆ ಹಾಲುಹಲ್ಲು 10-12 ವರ್ಷದವರೆಗೆ ಇರಬೇಕಾದದ್ದು. ಸೋಮವಾರ ಕರೆದುಕೊಂಡು ಹೋದೆ. ಹುಳುಕು ನರದವರೆಗೆ ಇಳಿದಿತ್ತು.