ಕೆರೆ ಹೂಳು ಹೊಡೆಸಿದ್ದು: ಹಿಟಾಚಿಗೆ ಪೂರ್ತಿ ಅಂಕ, ಟಿಪ್ಪರಿಗೆ ಅರ್ಧ

ನಮ್ಮದು ಕೊಪ್ಪಳ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲ, ಎಷ್ಟು ನೀರು ಬಿಟ್ಟರೂ ಇಂಗಿ ಹೋಗುತ್ತದೆ. ಅದಕ್ಕೇ ಈ ಬೇಸಿಗೆ ಪಂಚಾಯ್ತಿ ಒಪ್ಪಿಗೆ ತಗೊಂಡು, ಹಿಟಾಚಿ, ಟಿಪ್ಪರ್ ಎರಡನ್ನೂ ಒಬ್ಬರ ಹತ್ತಿರವೇ ಮಾತಾಡಿ, ನೀರು ಹಿಡಿಯಲಿ ಅಂತ ಊರ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಸಿದೆವು.

ಹಿಟಾಚಿ ಆಪರೇಟರ್ ಕೆಲಸ ಬಲ್ಲವನು. ನೀರು ಬರುವ ಬಾಯಿ ಹತ್ತಿರ ಬರೀ ಮರಳು ಇರುತ್ತದೆ, ಅದನ್ನು ಹೊಲಕ್ಕೆ ಹಾಕಿ ಏನು ಮಾಡ್ತೀರಿ ಅಂತ ನಮಗೇ ಕೇಳಿ, ನುಣ್ಣನೆ ಗೋಡು ಕೂತಿರುವ ಏರಿ ಕಡೆ ಹೋದ. ಹಾಗಂತ ಏರಿ ಬುಡಕ್ಕೆ ಕೈ ಹಾಕಲಿಲ್ಲ. ಬಕೆಟ್‌ನಲ್ಲಿ ಕಪ್ಪು ಮಣ್ಣಿನ ಜೊತೆ ಹಳದಿ ಗರಸು ಕಂಡ ಕೂಡಲೇ ನಿಲ್ಲಿಸಿ ಪಕ್ಕಕ್ಕೆ ಸರಿದ. ಗಂಟೆ ಲೆಕ್ಕದಲ್ಲಿ ದುಡ್ಡು ತಗೊಳ್ಳುವವನು ಹೀಗೆ ನಿಲ್ಲಿಸುವುದು ಕಡಿಮೆ ಅಲ್ವಾ? ಜಾಸ್ತಿ ಅಗೆದರೆ ತಳದ ಜೇಡಿ ಪದರ ಒಡೆದು ಕೆರೆಯಲ್ಲಿ ನೀರೇ ನಿಲ್ಲುವುದಿಲ್ಲ.

ಟಿಪ್ಪರ್‌ನವರದ್ದೇ ತಕರಾರು. ಬೆಳಿಗ್ಗೆ ತುಂಬಿ ಬರುತ್ತಿದ್ದ ಲೋಡು ಮಧ್ಯಾಹ್ನದ ಮೇಲೆ ಮುಕ್ಕಾಲಿಗೆ ಇಳಿಯಿತು, ದರ ಮಾತ್ರ ಅಷ್ಟೇ. ಮಣ್ಣನ್ನು ಹೊಲದ ಮೂಲೆಯಲ್ಲಿ ಒಂದೇ ಗುಡ್ಡೆ ಮಾಡಿ ಹೋದರು, ಅದನ್ನು ಹರಡುವ ಖರ್ಚು ಬೇರೆ. ಬಿಸಿಲಿಗೆ ಹೆಂಟೆ ಕಲ್ಲಾಗಿ ರೋಟಾವೇಟರ್ ಕುಣಿದಾಡಿತು. ತೆಳ್ಳಗೆ ಹರಡಿಸಿ, ಗೊಬ್ಬರ ಬೆರೆಸಿ, ಮಳೆಗೆ ಮುಂಚೆ ಮುಗಿಸಿ. ಎರೆ ಹೊಲದವರು ಸುಮ್ನೆ ದುಡ್ಡು ಕಳೆಯಬೇಡಿ, ಆ ಕಪ್ಪು ಮಣ್ಣು ಮೊದಲೇ ನೀರು ಹಿಡಿಯುತ್ತದೆ.

ತುಂಗಭದ್ರಾ ಡ್ಯಾಮಿಗೂ ಹೀಗೇ ಮಷೀನ್ ಇಳಿಸಿದರಾಯ್ತು ಅಂತ ಕೆರೆ ದಂಡೆಯಲ್ಲಿ ನಿಂತವರೆಲ್ಲ ಹೇಳುವವರೇ. ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಮಿಕ್ಕ 28 ಟಿಎಂಸಿ ಜಾಗವೆಲ್ಲ ಹೂಳು. ಒಂದು ಟಿಎಂಸಿ ಅಂದರೆ 2.8 ಕೋಟಿ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೂ 7 ಕೋಟಿಗೂ ಮೇಲೆ ಲೋಡು ಆಗುತ್ತದೆ, ಅದೂ ಮಧ್ಯಾಹ್ನದ ಮೇಲೂ ತುಂಬಿಕೊಂಡು ಬಂದರೆ! ಅಷ್ಟು ಮಣ್ಣು ಸುರಿಯುವುದೆಲ್ಲಿ? ಅದಕ್ಕೇ ನವಲಿ ಹತ್ತಿರ ಸಮತೋಲನ ಜಲಾಶಯದ, ಅಂದರೆ ಡ್ಯಾಮಿನಲ್ಲಿ ಹಿಡಿಯದ ನೀರನ್ನು ಬೇರೆ ಕಡೆ ನಿಲ್ಲಿಸುವ, ಮಾತು ಬಂದದ್ದು. ಊರ ಕೆರೆ ನಮ್ಮ ಅಳತೆಯದ್ದು, ಇಲ್ಲಿ ಈ ಕೆಲಸ ನಡೆಯುತ್ತದೆ.

ಐದಕ್ಕೆ ಮೂರೂವರೆ. ಮುಂದಿನ ಬೇಸಿಗೆಗೂ ಹಿಟಾಚಿ ಇವರದ್ದೇ, ಟಿಪ್ಪರ್ ಬೇರೆಯವರದ್ದು.