ಕ್ರೀಟ್‌ನಲ್ಲಿ ಬೇಸಿಗೆಯ ‘ಆಲಿವ್ ಕೊಯ್ಲು ಟೂರ್’: ದಯವಿಟ್ಟು ದುಡ್ಡು ಕಟ್ಟಬೇಡಿ

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ರಜೆಗೆ ಹೋಗುವವರು ಇದನ್ನು ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರಾದರೂ ‘ಆಲಿವ್ ಕೊಯ್ಲು, ಗಾಣದ ಭೇಟಿ, ಕಮರಿಯಲ್ಲಿ ನಡಿಗೆ, ಹಳ್ಳಿ ಊಟ’ ಅಂತ ಎಲ್ಲ ಸೇರಿಸಿ ಒಂದು ದಿನದ ಟೂರ್ ಮಾರುತ್ತಿದ್ದರೆ ಕೈ ಹಾಕಬೇಡಿ. ಆ ತಿಂಗಳುಗಳಲ್ಲಿ ಅಲ್ಲಿ ಕೊಯ್ಲೂ ಇಲ್ಲ, ಗಾಣವೂ ಓಡಲ್ಲ. ನಮಗೆ ಜುಲೈನಲ್ಲಿ ಇದನ್ನೇ ಮಾರಿದರು. ದುಡ್ಡು ಹೋಗಿದ್ದು ಹಾಳಾಗಲಿ, ಅಪ್ಪನ ಆರೋಗ್ಯದ ಜೊತೆ ಆಟ ಆಡಿದರಲ್ಲ, ಆ ಸಿಟ್ಟಿಗೇ ಇಷ್ಟುದ್ದ ಬರೆಯುತ್ತಿದ್ದೇನೆ.

ಊರು ಕ್ರಿಟ್ಸಾ. ಕ್ರೀಟ್‌ನ ಪೂರ್ವ ಭಾಗದಲ್ಲಿ ಆಗಿಯೋಸ್ ನಿಕೋಲಾವೋಸ್ ಅಂತ ಒಂದು ಕಡಲತೀರದ ಪಟ್ಟಣ ಇದೆ. ಅಲ್ಲಿಂದ ಒಳಗಡೆ ಸುಮಾರು 10 ಕಿ.ಮೀ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಬಿಳಿ ಮನೆಗಳು, ಕೆಳಗೆ ಎಲ್ಲಿ ನೋಡಿದರೂ ಆಲಿವ್ ತೋಟ. ಊರಿನ ಬಗ್ಗೆ, ಊರಿನವರ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮನ್ನು ಕರೆದುಕೊಂಡು ಹೋದವರೂ ಆ ಊರಿನವರಲ್ಲ, ಆನ್‌ಲೈನಲ್ಲಿ ಬುಕಿಂಗ್ ಮಾಡಿಕೊಂಡು ವ್ಯಾನಲ್ಲಿ ತುಂಬಿಕೊಂಡು ಬರುವವರು. ನಾವು ಜರ್ಮನಿಯಲ್ಲಿರುವುದು. ಅಪ್ಪ, ಅಮ್ಮ ಊರಿಂದ ಬಂದಿದ್ದರು. ಅಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಬೇರೆ ದೇಶದ ತೋಟ ನೋಡಬೇಕು ಅಂತ ಅವರಿಗೇ ಜಾಸ್ತಿ ಆಸೆ.

ವ್ಯಾನ್ ನಿಲ್ಲಿಸಿದ ತೋಟದಲ್ಲಿ ಅಪ್ಪ ಮೊದಲನೇ ಮರ ನೋಡಿದವರೇ, "ಇದು ಇನ್ನೂ ಎಳೇ ಕಾಯಿ ಕಣೋ, ಇದನ್ನೇನು ಕೊಯ್ತಾರೆ?" ಅಂದರು. ಬೆರಳ ತುದಿಯಷ್ಟು ಹಸಿರು ಕಾಯಿ, ಕಲ್ಲಿನ ಹಾಗೆ ಗಟ್ಟಿ. ಕ್ರೀಟ್‌ನಲ್ಲಿ ಎಣ್ಣೆಗೆ ಹೆಚ್ಚಾಗಿ ಬೆಳೆಯುವುದು ಕೊರೊನೇಯ್ಕಿ ತಳಿ, ಅದರ ಹಣ್ಣು ಬಲಿತರೂ ಸಣ್ಣದೇ. ಅದರ ಕೊಯ್ಲು ನವೆಂಬರ್ ಹೊತ್ತಿಗೆ ಜೋರಾಗಿ ಜನವರಿವರೆಗೂ ನಡೆಯುತ್ತದೆ. ಮರದ ಕೆಳಗೆ ಬಲೆ ಹಾಸಿ, ಕೋಲಿನಲ್ಲೋ ಮೋಟಾರಿನ ಕಡ್ಡಿಯಲ್ಲೋ ಕೊಂಬೆ ಬಡಿದು ಉದುರಿಸುತ್ತಾರೆ. ಉದುರಿಸಿದ್ದನ್ನು ಆದಷ್ಟು ಬೇಗ ಗಾಣಕ್ಕೆ ಸಾಗಿಸಬೇಕು, ಮೂಟೆಯಲ್ಲಿ ಬಿಟ್ಟರೆ ಹುಳಿಯಲು ಶುರುವಾಗಿ ಎಣ್ಣೆ ಕೆಡುತ್ತದೆ. ಗಾಣ ಹಗಲೂ ರಾತ್ರಿ ಓಡುವುದು ಆವಾಗ.

ನಮಗೆ ತೋರಿಸಿದ್ದು ಏನು ಗೊತ್ತಾ? ಗೈಡ್ ಒಂದು ಹರಿದ ಬಲೆ ಹಾಸಿ, ಅದೇ ಮೋಟಾರಿನ ಕಡ್ಡಿ ಒಂದು ನಿಮಿಷ ಆನ್ ಮಾಡಿ, ನಾಲ್ಕು ಎಳೇ ಕಾಯಿ ಉದುರಿಸಿ, ಫೋಟೋ ತೆಗೆದುಕೊಳ್ಳಿ ಅಂದ. ಅಮ್ಮ ಒಂದನ್ನು ಕಚ್ಚಿ ಥೂ ಅಂತ ಉಗಿದು ಬಾಯಿ ತೊಳೆದುಕೊಂಡರು. ಹಸಿ ಆಲಿವ್ ವಿಪರೀತ ಕಹಿ, ವಾರಗಟ್ಟಲೆ ಉಪ್ಪುನೀರಲ್ಲಿ ನೆನೆಸಿದರೇನೇ ತಿನ್ನಕ್ಕಾಗುವುದು. ಅದನ್ನೂ ಆತ ಮೊದಲು ಹೇಳಲಿಲ್ಲ. ಆಮೇಲೆ ‘ಇದೇ ತೋಟದ್ದು’ ಅಂತ ತಿನ್ನಲು ಕೊಟ್ಟ ಆಲಿವ್ ಡಬ್ಬದ ತಳದಲ್ಲಿ ಸೂಪರ್‌ಮಾರ್ಕೆಟ್ ಬೆಲೆಯ ಚೀಟಿ ಹಾಗೇ ಅಂಟಿಕೊಂಡಿತ್ತು. ಗಾಣದಲ್ಲಿ ಯಂತ್ರಗಳಿಗೆ ಟಾರ್ಪಾಲ್ ಹೊದಿಸಿತ್ತು. ಹೊರಗಿನಿಂದ ಗಾಜಿನಲ್ಲಿ ಇಣುಕಿ ನೋಡಿ ಬಂದಿದ್ದೇ ‘ಗಾಣದ ಭೇಟಿ’.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ಬೆಳಗ್ಗೆ ಮಾಡಬೇಕಾದ ಕಮರಿ ನಡಿಗೆಯನ್ನು ಇವರು ಮಧ್ಯಾಹ್ನಕ್ಕೆ ಇಟ್ಟಿದ್ದರು, ಯಾಕೆಂದರೆ ಬೇರೆ ಬೇರೆ ಹೋಟೆಲಿನಿಂದ ಜನರನ್ನು ಹತ್ತಿಸಿಕೊಂಡು ಬರುವಷ್ಟರಲ್ಲೇ ಹೊತ್ತು ಏರಿರುತ್ತದೆ. ಫೋನಿನಲ್ಲಿ 38 ಡಿಗ್ರಿ ತೋರಿಸುತ್ತಿತ್ತು. ಬುಕಿಂಗ್ ಪುಟದಲ್ಲಿ ‘ಎಲ್ಲ ವಯಸ್ಸಿನವರಿಗೂ ಸುಲಭ’ ಅಂತ ಇತ್ತು. ಸುಳ್ಳು. ಕ್ರಿಟ್ಸಾ ಕಮರಿ ಅಂದರೆ ಒಣಗಿದ ಹೊಳೆಯ ಪಾತ್ರ. ದಾರಿ ಅಂತ ಇಲ್ಲ, ಸುಣ್ಣದಕಲ್ಲಿನ ಬಂಡೆ ಹತ್ತುವುದು ಇಳಿಯುವುದು. ಮಳೆಗಾಲದ ನೀರು ಹರಿದು ಹರಿದು ಕೆಲವು ಬಂಡೆ ಎಷ್ಟು ನುಣ್ಣಗಾಗಿವೆ ಅಂದರೆ ಒಳ್ಳೆ ಶೂ ಕೂಡ ಜಾರುತ್ತದೆ. ಕೆಲವು ಕಡೆ ಎರಡು ಗೋಡೆಗಳ ನಡುವೆ ಒಬ್ಬರೇ ತೂರಬೇಕು. ಅಲ್ಲಿ ನೆರಳೇನೋ ಸಿಗುತ್ತದೆ, ಆದರೆ ಅಗಲವಾದ ಕಡೆ ಮೇಲಿನಿಂದ ಬಿಸಿಲು, ಪಕ್ಕದಿಂದ ಕಾದ ಕಲ್ಲು, ಗಾಳಿ ಮಾತ್ರ ಇಲ್ಲವೇ ಇಲ್ಲ.

ಅಪ್ಪನಿಗೆ ಮೊದಲು ಕಾಲು ಹಿಡಿದುಕೊಂಡಿತು. ಬೆಟ್ಟ ಗುಡ್ಡ ಹತ್ತಿ ಬೆಳೆದವರು, ಪರವಾಗಿಲ್ಲ ಅಂತ ಎರಡು ಹೆಜ್ಜೆ ಹಾಕಿದರು. ಆಮೇಲೆ ನೋಡಿದರೆ ಬೆವರು ನಿಂತುಹೋಗಿದೆ, ಮುಖ ಕೆಂಪಗೆ, ಕೇಳಿದ್ದಕ್ಕೆ ಏನೋ ಉತ್ತರ. ಗೈಡ್ ಆಗಲೇ ಮುಂದೆ ಹೋಗಿ ತಿರುವಿನಲ್ಲಿ ಮರೆಯಾಗಿದ್ದ. ಕೂಗಿ ಕರೆದರೆ, ವ್ಯಾನ್ ಆ ಕಡೆ ತುದಿಯಲ್ಲಿ ಕಾಯುತ್ತಿದೆ, ವಾಪಸ್ ಹೋಗುವ ಹಾಗಿಲ್ಲ ಅಂದ. ಅವನ ಬ್ಯಾಗಿನಲ್ಲಿ ಹೆಚ್ಚುವರಿ ನೀರೂ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅಪ್ಪನನ್ನು ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಇದ್ದ ನೀರನ್ನೆಲ್ಲ ಕತ್ತಿಗೆ ಎದೆಗೆ ಸುರಿದು ಟವೆಲಿನಿಂದ ಗಾಳಿ ಹಾಕಿದೆವು. ಎದುರಿನಿಂದ ಬಂದ ಒಂದು ಜೋಡಿ ತಮ್ಮ ಬಾಟಲಿ ಕೊಟ್ಟರು. ಅಮ್ಮನ ಬ್ಯಾಗಿನಲ್ಲಿ ಊರಿಂದ ತಂದ ಓಆರ್‌ಎಸ್ ಪೊಟ್ಟಣ ಇತ್ತು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗೈಡ್ ಏನಾದರೂ ಹೇಳಲಿ ಅಂತ ಬಂದ ದಾರಿಯಲ್ಲೇ ನಿಧಾನಕ್ಕೆ ವಾಪಸ್ ಬಂದೆವು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಸಂಜೆ ಬಿಟ್ಟರು.

ಇದನ್ನು ದೊಡ್ಡದು ಮಾಡುತ್ತಿದ್ದೇನೆ ಅಂತ ಅನ್ನಿಸಿದರೆ, 2024ರ ಜೂನ್ ನೆನಪಿಸಿಕೊಳ್ಳಿ. ಬ್ರಿಟನ್ನಿನ ಟಿವಿ ಡಾಕ್ಟರ್ ಮೈಕೆಲ್ ಮೋಸ್ಲಿ ಸಿಮಿ ದ್ವೀಪದಲ್ಲಿ ಬಿಸಿಲಲ್ಲಿ ಒಬ್ಬರೇ ನಡೆದು ಹೋಗಿ ತೀರಿಕೊಂಡರು. ಅದೇ ತಿಂಗಳು ಗ್ರೀಸ್‌ನ ಬೇರೆ ದ್ವೀಪಗಳಲ್ಲೂ ನಡೆಯಲು ಹೋದ ಪ್ರವಾಸಿಗರು ಸತ್ತರು. ಬೆವರು ನಿಂತು ಮಾತು ತೊದಲಿದರೆ ಕಾಯಬೇಡಿ, ಸಿಗ್ನಲ್ ಸಿಕ್ಕ ತಕ್ಷಣ 112ಕ್ಕೆ ಕರೆ ಮಾಡಿ. ಇನ್ನು ಮಳೆ ಬಂದಾಗ ಈ ಕಮರಿಗೆ ಇಳಿಯಲೇಬೇಡಿ, ಅದು ಹೊಳೆಯೇ.

ಎಣ್ಣೆ ಅಂಗಡಿಯ ಕಥೆ ಬೇಗ ಮುಗಿಸುತ್ತೇನೆ. ಊಟಕ್ಕೆ ಮೊದಲು ಒಂದು ಅಂಗಡಿಯಲ್ಲಿ ಇಳಿಸಿದ್ದರು. ಬಿಳಿ ಗಾಜಿನ ಬಾಟಲಿಗಳು ಕಿಟಕಿಯ ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಬೆಳಕು, ಬಿಸಿ ಎರಡೂ ಆಲಿವ್ ಎಣ್ಣೆಗೆ ಆಗಿಬರಲ್ಲ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯನ್ನೂ ‘ಅಜ್ಜಿಯ ಎಣ್ಣೆ’ ಅಂತ ಹಿಡಿಸಲು ನೋಡಿದರು. ಯುರೋಪಿನ ನಿಯಮದ ಪ್ರಕಾರ ಅಂಗಡಿಯಲ್ಲಿ ಮಾರುವುದು ಸೀಲ್ ಮಾಡಿದ, ಹೆಚ್ಚೆಂದರೆ 5 ಲೀಟರ್‌ನ ಡಬ್ಬದಲ್ಲಿರಬೇಕು. ಕಪ್ಪು ಬಾಟಲಿ ಅಥವಾ ತಗಡಿನ ಡಬ್ಬ, ಕೊಯ್ಲಿನ ವರ್ಷ ಬರೆದಿದ್ದರೆ ತೆಗೆದುಕೊಳ್ಳಿ. ಊಟವೂ ಅಷ್ಟೇ, ಸಸ್ಯಾಹಾರಿ ಅಂತ ಮೊದಲೇ ಬರೆದಿದ್ದರೂ ಬಂದಿದ್ದು ಕುರಿ ಮಾಂಸ. ಅಮ್ಮ ಬ್ರೆಡ್ಡು, ಟೊಮೆಟೊ ತಿಂದರು. ನೀವೇ ಹೋಟೆಲಿಗೆ ಹೋದರೆ ಲಾದೆರಾ ಕೇಳಿ, ಬೀನ್ಸ್, ಬೆಂಡೆಕಾಯಿ ಇಂಥದ್ದನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ ಕೊಡುತ್ತಾರೆ, ಅಮ್ಮನಿಗೂ ಹಿಡಿಸಿತು.

ಎರಡು ದಿನ ಅಪ್ಪ ಹೋಟೆಲಲ್ಲಿ ಮಲಗಿ ಎದ್ದ ಮೇಲೆ ನಾವೇ ಬೆಳಗ್ಗೆ ಬೆಳಗ್ಗೆ ಬಸ್ಸಿನಲ್ಲಿ ಮತ್ತೆ ಕ್ರಿಟ್ಸಾಕ್ಕೆ ಹೋದೆವು. ಟೂರಿನ ಅಗತ್ಯವೇ ಇಲ್ಲ. ಊರಿಗೆ ಸ್ವಲ್ಪ ಮೊದಲು ರಸ್ತೆ ಪಕ್ಕದಲ್ಲೇ ಪನಾಗಿಯಾ ಕೆರಾ ಅನ್ನುವ ಪುಟ್ಟ ಚರ್ಚ್ ಇದೆ, ಒಳಗೆ 13, 14ನೇ ಶತಮಾನದ ಭಿತ್ತಿಚಿತ್ರಗಳು. ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ಲಾಟೋ ಎಂಬ ಹಳೇ ಪಟ್ಟಣದ ಅವಶೇಷ ನೋಡಿದೆವು. ಎರಡು ಗುಡ್ಡದ ನಡುವೆ ಮೆಟ್ಟಿಲು, ಮನೆ, ಅಂಗಡಿಗಳ ಕಲ್ಲುಗೋಡೆ, ದೂರದಲ್ಲಿ ಸಮುದ್ರ. ಕ್ರಿ.ಪೂ. 325ರಲ್ಲಿ ಸಿಂಧೂ ನದಿಯ ಮುಖದಿಂದ ಅಲೆಕ್ಸಾಂಡರನ ಹಡಗುಗಳನ್ನು ಪರ್ಷಿಯಾಕ್ಕೆ ನಡೆಸಿಕೊಂಡು ಹೋದ ನಿಯಾರ್ಕಸ್ ಇದೇ ಊರಿನವನಂತೆ. ಅಪ್ಪ ಅದನ್ನು ಕೇಳಿ ಅರ್ಧ ಗಂಟೆ ಅಲ್ಲೇ ಕೂತರು. ಗಾಡಿ ಬಾಡಿಗೆ ಮಾಡುವುದಾದರೆ ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ತೋಟದ ಮಣ್ಣುದಾರಿಗೆ ಇಳಿಸುವ ಮೊದಲು ಟೈರು ಮತ್ತು ಗಾಡಿಯ ಅಡಿಭಾಗಕ್ಕೆ ಇನ್ಶೂರೆನ್ಸ್ ಇದೆಯಾ ನೋಡಿಕೊಳ್ಳಿ, ಸಾಮಾನ್ಯವಾಗಿ ಇರಲ್ಲ.

ದುಡ್ಡಿನ ವಿಷಯ. ರಾತ್ರಿ ತಂಗುವುದಿಲ್ಲದ ಒಂದು ದಿನದ ಟೂರ್‌ಗೆ ಯುರೋಪಿನ ಪ್ಯಾಕೇಜ್ ಟೂರ್ ಕಾನೂನು ಅನ್ವಯಿಸಲ್ಲ. ದಿನಾಂಕ ಗೊತ್ತುಮಾಡಿ ಬುಕ್ ಮಾಡಿದ್ದಕ್ಕೆ 14 ದಿನದೊಳಗೆ ರದ್ದು ಮಾಡುವ ಹಕ್ಕೂ ಇಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತು. ದೂರು ಕೊಟ್ಟರೆ ಮುಂದಿನ ಬುಕಿಂಗ್‌ಗೆ ರಿಯಾಯಿತಿ ಕೂಪನ್ ಕಳಿಸಿದರು! ಆದರೆ ಕೊಡುತ್ತೇವೆ ಅಂದಿದ್ದನ್ನು ಕೊಟ್ಟಿಲ್ಲ ಅನ್ನುವ ವಾದಕ್ಕೆ ದಾರಿ ಇದ್ದೇ ಇದೆ. ಬುಕಿಂಗ್ ಪುಟದ ಸ್ಕ್ರೀನ್‌ಶಾಟ್, ಟಾರ್ಪಾಲ್ ಹೊದ್ದ ಯಂತ್ರದ ಫೋಟೋ, ಆಸ್ಪತ್ರೆ ಚೀಟಿ ಎಲ್ಲ ಇಟ್ಟು ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಹಾಕಿದ್ದೇನೆ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವಾಸ ಇರುವವರು ಯುರೋಪಿಯನ್ ಕನ್ಸ್ಯೂಮರ್ ಸೆಂಟರ್‌ಗೂ ಬರೆಯಬಹುದು, ಶುಲ್ಕ ಇಲ್ಲ. ಬ್ಯಾಂಕಿನವರು ಇನ್ನೂ ಏನೂ ತೀರ್ಮಾನ ಹೇಳಿಲ್ಲ, ಹೇಳಿದ ದಿನ ಇಲ್ಲೇ ಸೇರಿಸುತ್ತೇನೆ.